ಗಿರಾಕಿ ಹೇಳಿ ಬರೆಸುವ ಚಿತ್ರ: ಕೃಷ್ಣಾ–ಘಟಪ್ರಭಾ ಸೀಮೆಯ ಇತಿಹಾಸ

ವಿಷಯ, ಅಳತೆ, ದರ ಮೂರನ್ನೂ ಮೊದಲೇ ಗೊತ್ತುಮಾಡಿಕೊಂಡು, ಸಂಚಕಾರ ಪಡೆದು ಕಲಾವಿದ ಬರೆದುಕೊಡುವ ಚಿತ್ರ. ಮುಧೋಳ, ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಗಳನ್ನು ಒಳಗೊಂಡ ಬಾಗಲಕೋಟೆ ಜಿಲ್ಲೆಯಲ್ಲೂ ಸುತ್ತಲಿನ ಉತ್ತರ ಕರ್ನಾಟಕದಲ್ಲೂ ಹಣ ಕೊಡುವವರು ಬದಲಾದಂತೆಲ್ಲ ಚಿತ್ರದ ಜಾಗವೂ ಬದಲಾಗಿದೆ. ಗುಹೆಯ ಸೂರಿನಲ್ಲಿದ್ದದ್ದು ಮಹಲಿನ ಗೋಡೆಗೆ, ನಾಟಕದ ಪರದೆಗೆ, ಕ್ಯಾಲೆಂಡರಿಗೆ, ಕಬ್ಬಿನ ಟ್ರೇಲರಿಗೆ ಬಂದಿದೆ.

ಇದೇ ಜಿಲ್ಲೆಯ ಬಾದಾಮಿಯ ಮೂರನೇ ಗುಹೆಯಲ್ಲಿ 578ರ ಶಾಸನವಿದೆ. ಗುಹೆ ಮಾಡಿಸಿದ ಚಾಲುಕ್ಯ ಮಂಗಲೇಶನ ಹೆಸರು ಅದರಲ್ಲಿ ಉಂಟು. ಸೂರಿನ ಕೆಳಗೆ ಮಸುಕಾಗಿ ಉಳಿದಿರುವ ವರ್ಣಚಿತ್ರಗಳನ್ನು ಬರೆದವನ ಹೆಸರಿಲ್ಲ. ಬರೆಸಿದವನ ಹೆಸರು ಉಳಿದು ಬರೆದವನದು ಅಳಿಯುವುದು ಈ ವೃತ್ತಿಯಲ್ಲಿ ಮುಂದೆಯೂ ಬಹುಕಾಲ ನಡೆದದ್ದೇ.

ಕಸುಬಿನ ಒಳಗುಟ್ಟು ಬರಹಕ್ಕೆ ಸಿಕ್ಕಿದ್ದು 12ನೇ ಶತಮಾನದಲ್ಲಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ಕುದಿಸಿ, ಕಡ್ಡಿ ಮಾಡಿ ಒಣಗಿಸಿಟ್ಟುಕೊಳ್ಳುವ ವಜ್ರಲೇಪವನ್ನು ವಿವರಿಸುತ್ತದೆ. ಬೇಕಾದಾಗ ಅದನ್ನು ಬಿಸಿನೀರಿನಲ್ಲಿ ಕರಗಿಸಿ ಬಿಳಿಮಣ್ಣಿನೊಂದಿಗೆ ಗೋಡೆಗೆ ಬಳಿಯಬೇಕು. ಕರುವಿನ ಕಿವಿಯ ಕೂದಲಿನಿಂದ ಕುಂಚ ಕಟ್ಟುವ ಬಗೆಯೂ ಅಲ್ಲಿದೆ. ಕನ್ನಡಿಯಲ್ಲಿ ಕಂಡಂತೆ ತದ್ರೂಪಾಗಿ ಬರೆದದ್ದು ವಿದ್ಧಚಿತ್ರ, ಕಲ್ಪನೆಯಿಂದ ಬರೆದದ್ದು ಅವಿದ್ಧಚಿತ್ರ ಎಂದು ಅದು ಬೇರೆ ಮಾಡುತ್ತದೆ. ಮುಖ ಹೋಲಬೇಕೆಂಬ ಗಿರಾಕಿಯ ಹಟ ಅಂದಿಗೇ ಹಳೆಯದಾಗಿತ್ತು ಎನ್ನಬಹುದು.

ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ (1580–1627) ಆಸ್ಥಾನದಲ್ಲಿ ಚಿತ್ರಕಾರ ಫರೂಖ್ ಬೇಗ್ ಇದ್ದ. ಡಚ್ ಚಿತ್ರಕಾರ ಕಾರ್ನೆಲಿಸ್ ಹೇಡಾ ಸಹ ಸುಲ್ತಾನನಿಗಾಗಿ ಬರೆದ. ಅಲ್ಲಿನ ಅಸಾರ್ ಮಹಲಿನ ಮತ್ತು ಸಮೀಪದ ಕುಮಟಗಿಯ ಗೋಡೆಗಳಲ್ಲಿ ಆದಿಲ್‌ಶಾಹಿ ಕಾಲದ ಬಣ್ಣ ಚೂರುಪಾರು ಉಳಿದಿದೆ.

ಸಂಸ್ಥಾನಗಳ ಕಾಲಕ್ಕೆ ಎಣ್ಣೆಬಣ್ಣದ ಭಾವಚಿತ್ರ ಪ್ರತಿಷ್ಠೆಯ ವಸ್ತುವಾಯಿತು. 1885ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ರಾಜಾ ರವಿವರ್ಮನನ್ನು ಕರೆಸಿಕೊಂಡರು. ಇತ್ತ ಮುಧೋಳದಲ್ಲಿ ಘೋರ್ಪಡೆಯವರೂ ಜಮಖಂಡಿಯಲ್ಲಿ ಪಟವರ್ಧನರೂ ಆಳುತ್ತಿದ್ದರು. ಇವರ ನೆರೆಯ ಔಂಧದ ದೊರೆ ಭವಾನರಾವ್ ಪಂತ ಪ್ರತಿನಿಧಿ ಚಿತ್ರ ಬರೆಸಿದ್ದಲ್ಲದೆ ತಾನೂ ಕುಂಚ ಹಿಡಿದ. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೆ ರಾಜ ಎಂಬ ಗಿರಾಕಿ ಇಲ್ಲವಾದ.

ಅಷ್ಟರಲ್ಲಿ ನಾಟಕ ಕಂಪನಿಗಳು ಕಲಾವಿದರಿಗೆ ಅನ್ನದ ದಾರಿ ತೆರೆದಿದ್ದವು. ಕೇಶವರಾವ್ ಭೋಸಲೆ 1908ರಲ್ಲಿ ಹುಬ್ಬಳ್ಳಿಯಲ್ಲಿ ‘ಲಲಿತಕಲಾದರ್ಶ’ ಕಟ್ಟಿದರು. ಮರಾಠಿ ರಂಗಭೂಮಿಗೆ ಪರದೆ ಬರೆಯುತ್ತಿದ್ದ ಕೊಲ್ಲಾಪುರದ ಸೋದರಸಂಬಂಧಿಗಳಾದ ಆನಂದರಾವ್ ಮತ್ತು ಬಾಬುರಾವ್ ಅವರಿಗೆ ‘ಪೇಂಟರ್’ ಎಂಬುದೇ ಅಡ್ಡಹೆಸರಾಯಿತು. ಗದುಗಿನ ಗರೂಡ ಸದಾಶಿವರಾಯರ ಕಂಪನಿಯಂಥ ಕನ್ನಡ ತಂಡಗಳಿಗೂ ದರ್ಬಾರು, ಬೀದಿ, ಅಡವಿ, ಉದ್ಯಾನದ ಪರದೆಗಳು ಬೇಕಿದ್ದವು. ಪುಡಿಬಣ್ಣಕ್ಕೆ ಅಂಟು ಕಲಸಿ ಬರೆದ ಪರದೆ ಕೋಲಿಗೆ ಸುತ್ತಿಕೊಂಡು ಮೇಲೇರಬೇಕು, ಬಣ್ಣ ಮಾತ್ರ ಉದುರಬಾರದು. ಅಂಟು ಹೆಚ್ಚಾದರೆ ಮಡಿಕೆಯಲ್ಲಿ ಸೀಳುತ್ತದೆ, ಕಡಿಮೆಯಾದರೆ ನಟನ ಅಂಗಿಗೆ ಹತ್ತುತ್ತದೆ. ಈ ಹದವನ್ನು ಯಾವ ಕಲಾಶಾಲೆಯೂ ಕಲಿಸಲಿಲ್ಲ. ಕಲಾಶಾಲೆಗಳು ಬಾರದೆ ಹೋದವೆಂದಲ್ಲ: ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಕಟ್ಟಿದ ಶಾಲೆಗಳು ಈ ಭಾಗದ ಹುಡುಗರನ್ನು ಬಹಳ ಮಟ್ಟಿಗೆ ತಯಾರು ಮಾಡಿದವು.

ಬೇಡಿಕೆಗೆ ಬರೆದೇ ಹೆಸರಾದವರಲ್ಲಿ ಮೊದಲು ನೆನೆಯಬೇಕಾದವರು ಕಲಬುರ್ಗಿಯ ಎಸ್.ಎಂ. ಪಂಡಿತ್ (1916–1993). ಮುಂಬಯಿಯಲ್ಲಿ ಹಾಲಿವುಡ್ ಚಿತ್ರಗಳ ಪ್ರಚಾರಫಲಕ, ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟ, ಕಂಪನಿಗಳ ಕ್ಯಾಲೆಂಡರು ಎಲ್ಲಕ್ಕೂ ಬರೆದರು. ಅವರ ಶಿವ-ಪಾರ್ವತಿ, ರಾಧಾ-ಕೃಷ್ಣರಲ್ಲಿ ಸಿನಿಮಾ ನಟರ ಮೈಕಟ್ಟು ಇಣುಕುತ್ತದೆ. ‘ಕ್ಯಾಲೆಂಡರ್ ಕಲೆ’ ಎಂದು ಮೂಗು ಮುರಿಯುವ ವಿಮರ್ಶೆ ಅವರ ಕೈಚಳಕಕ್ಕೆ ಸಲ್ಲಬೇಕಾದ ಬೆಲೆಯನ್ನು ಸಲ್ಲಿಸಿಲ್ಲ.

ಊರೂರ ಪೇಂಟರನ ಪಾಲಿಗೆ ಬಂದದ್ದು ಹೆಚ್ಚಾಗಿ ತೀರಿಹೋದವರ ಮುಖ. ಗಿರಾಕಿ ತರುವುದು ಗುರುತಿನ ಚೀಟಿಯದೋ ಮದುವೆ ಗುಂಪಿನದೋ ಒಂದು ಸಣ್ಣ ಫೋಟೊ. ಅದರ ಮೇಲೆ ಚೌಕ ಎಳೆದು, ಕ್ಯಾನ್ವಾಸಿನಲ್ಲಿ ಅಷ್ಟೇ ಚೌಕಗಳನ್ನು ದೊಡ್ಡದಾಗಿ ಹಾಕಿ, ಒಂದೊಂದರಲ್ಲಿ ಇದ್ದ ಗೆರೆಯನ್ನು ಅದದೇ ಮನೆಗೆ ಸಾಗಿಸುತ್ತಾರೆ. ಆಮೇಲೆ ಮನೆಯವರ ತಿದ್ದುಪಡಿ ಶುರು: ಅಪ್ಪನಿಗೆ ರುಮಾಲು ಸುತ್ತಿಸಿರಿ, ಅವ್ವನ ಕೊರಳಿಗೆ ಬೋರಮಾಳ ಹಾಕಿರಿ, ಹಣೆಯ ನೆರಿಗೆ ತೆಗೆಯಿರಿ. ಬದುಕಿದ್ದಾಗ ಕೊಡಿಸಲಾಗದ ಒಡವೆ ಚಿತ್ರದಲ್ಲಿ ಬರುವುದೂ ಉಂಟು. ಬಾಕಿ ಹಣ ಕೈಗೆ ಬರುವುದು ಹಿರಿಯ ಮಗಳು ನೋಡಿ ‘ಹೌದು, ಅಪ್ಪನs’ ಅಂದಮೇಲೆ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಇಂಥ ಕಾರ್ಖಾನೆಗಳಿಗೆ ಕಬ್ಬು ಹೊರುವ ಟ್ರೇಲರುಗಳು ಈ ಸೀಮೆಯಲ್ಲಿ ಕಲಾವಿದರಿಗೆ ಹೊಸ ಹಲಗೆಯಾದವು. ಹಿಂಬದಿಯ ತಗಡಿಗೆ ಬಸವಣ್ಣ, ಸಂಗೊಳ್ಳಿ ರಾಯಣ್ಣ, ಮನೆದೇವರು, ಜೋಡೆತ್ತು, ಜೊತೆಗೆ ಮಕ್ಕಳ ಹೆಸರು. ಹಂಗಾಮು ಶುರುವಾಗುವ ಮೊದಲೇ ಕೆಲಸ ಮುಗಿಯಬೇಕು; ಆ ಮೇಲೆ ಟ್ರೇಲರು ನಿಂತಲ್ಲಿ ನಿಲ್ಲುವುದಿಲ್ಲ.

2000ದ ಈಚೆಗೆ ಬಂದ ಫ್ಲೆಕ್ಸ್ ಅಂಗಡಿ ಫಲಕ ಮತ್ತು ಚುನಾವಣೆಯ ಕಟೌಟುಗಳನ್ನು ಬಹುಪಾಲು ನುಂಗಿತು. ಟ್ರೇಲರಿನ ಮೇಲೆ ಮಾತ್ರ ಅದರ ಆಟ ನಡೆಯದು: ಕಬ್ಬಿನ ಸಿವುಡು ಉಜ್ಜಿ ಹರಿದುಬಿಡುತ್ತದೆ, ಎನಾಮೆಲ್ ಬಣ್ಣವಾದರೆ ತಾಳಿಕೊಳ್ಳುತ್ತದೆ. ಮನೆಯ ಭಾವಚಿತ್ರಕ್ಕೆ ಈಗ ಫೋಟೊ ವಾಟ್ಸಾಪಿನಲ್ಲೇ ಬರುತ್ತದೆ, ತಿದ್ದುಪಡಿಗಳೂ ಅದರಲ್ಲೇ ಬರುತ್ತವೆ, ರಾತ್ರಿ ಹೊತ್ತಿನಲ್ಲೂ.