ಶೆಕೆಲ್: ನಾಣ್ಯಕ್ಕೆ ಮುಂಚಿನ ತೂಕ

ಹೀಬ್ರೂ ಭಾಷೆಯ ‘ಶೆಕೆಲ್’ ಪದವನ್ನು ನಾವು ಸಾಮಾನ್ಯವಾಗಿ ನಾಣ್ಯವೆಂದೇ ಗ್ರಹಿಸುತ್ತೇವೆ. ಅದರ ಧಾತುವಾದ ‘ಶಾಕಲ್’ ಎಂಬುದಕ್ಕೆ ‘ತೂಗು’ ಎಂದರ್ಥ. ಮಕ್ಪೇಲದ ಹೊಲಕ್ಕಾಗಿ ಅಬ್ರಹಾಮನು ಎಫ್ರೋನನಿಗೆ 400 ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟನು (ಆದಿಕಾಂಡ 23:16). ಆಗಿನ್ನೂ ನಾಣ್ಯಗಳೇ ಇರಲಿಲ್ಲ. ಯೂದಾಯದಲ್ಲಿ ದೊರೆತ ತೂಕದ ಕಲ್ಲುಗಳ ಪ್ರಕಾರ ಒಂದು ಶೆಕೆಲ್ ಸುಮಾರು 11.4 ಗ್ರಾಂ. ‘ಇಸ್ರಯೇಲಿನ ಶೆಕೆಲ್’ ಎಂದು ಬರೆದ ಬೆಳ್ಳಿ ನಾಣ್ಯಗಳನ್ನು ಯೆಹೂದ್ಯರು ಅಚ್ಚುಹಾಕಿದ್ದು ಕ್ರಿ.ಶ. 66ರಲ್ಲಿ ರೋಮಿನ ವಿರುದ್ಧ ದಂಗೆಯೆದ್ದ ಮೇಲೆ. ನಮ್ಮ ಕನ್ನಡ ಶಾಸನಗಳ ಗದ್ಯಾಣವೂ ಹೀಗೆಯೇ ತೂಕವೂ ಹೌದು, ಹೊನ್ನಿನ ನಾಣ್ಯವೂ ಹೌದು.

ಈ ಮೂಲಾರ್ಥವನ್ನು ಮರೆತರೆ ಪ್ರವಾದಿ ಆಮೋಸನ ಕೋಪ ನಮಗೆ ತಿಳಿಯದು. ವರ್ತಕರು ಶೆಕೆಲನ್ನು ಹೆಚ್ಚಿಸಿದರೆಂದು ಆತನು ಖಂಡಿಸುತ್ತಾನೆ (8:5). ಬಡವನಿಂದ ಅಧಿಕ ಬೆಳ್ಳಿ ಕಸಿಯುತ್ತಿದ್ದ ಭಾರದ ಕಲ್ಲು ಅದು. ಬೇಲ್ಶಚ್ಚರನ ಗೋಡೆಯ ಮೇಲಿನ ‘ತೆಕೇಲ್’ ಇದೇ ಧಾತುವಿನ ಅರಾಮಿಕ್ ರೂಪ (ದಾನಿಯೇಲ 5:27). ಅಲ್ಲಿ ದೇವರ ತಕ್ಕಡಿಯಲ್ಲಿ ನಿಂತವನು ಅರಸನೇ.