ಹೇಳಲಾಗದ ಗಂಟು

ಮೈಸೂರಿನಿಂದ ಕೆ.ಆರ್.ಎಸ್. ಕಡೆಗೆ ಹೋಗುವಾಗ ಸಿಗುವ ಮೇಟಗಳ್ಳಿ ಒಂದು ಕಾಲದ ಹಳ್ಳಿ. ಇಂದು ಕಾರ್ಖಾನೆಗಳ ನಡುವಿನ ಬಡಾವಣೆ. ಅಲ್ಲಿನ ಹೆಣ್ಣುಮಗಳೊಬ್ಬಳು ಕುತ್ತಿಗೆಯಲ್ಲಿ ಗಂಟು ಕಂಡರೆ ಮನೆಯವರಿಗೆ ಹೇಳಿಯಾಳು. ಗಂಟು ಹೊರ ಜನನಾಂಗದಲ್ಲಿದ್ದರೆ? ತಾಯಿಗೂ ಹೇಳಲಾರಳು. ಈ ಮೌನಕ್ಕೆ ಜಾತಿ, ಧರ್ಮದ ಭೇದವಿಲ್ಲ.

ಈ ಸಂಕೋಚ ಹೊಸದಲ್ಲ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕಾರ್ಡೋಬಾದಲ್ಲಿದ್ದ ಶಸ್ತ್ರವೈದ್ಯ ಅಲ್ ಝಹ್ರಾವಿ ಇದನ್ನು ಬಲ್ಲವರಾಗಿದ್ದರು. ಮೂತ್ರಕೋಶದ ಕಲ್ಲಿರುವ ಹೆಣ್ಣಿಗೆ ನುರಿತ ವೈದ್ಯೆಯನ್ನು ಹುಡುಕಬೇಕು, ಸಿಗದಿದ್ದರೆ ಸೂಲಗಿತ್ತಿಯನ್ನು ಕರೆಸಿ ಅವಳಿಂದ ಪರೀಕ್ಷೆ ಮಾಡಿಸಬೇಕು ಎಂದು ಅವರು ಬರೆದರು. ಲಜ್ಜೆಯನ್ನು ಗೌರವಿಸಿದರು, ಆದರೆ ಚಿಕಿತ್ಸೆಯನ್ನು ಬಿಡಲಿಲ್ಲ. ಕ್ಯಾನ್ಸರ್ ಬಗ್ಗೆ ಅವರ ಮಾತು ಇನ್ನೂ ಸ್ಪಷ್ಟ: ಚಿಕ್ಕದಿರುವಾಗಲೇ ಸುತ್ತಲ ಭಾಗ ಸಮೇತ ಪೂರ್ತಿ ತೆಗೆಯಬೇಕು, ಬೆಳೆದುಬಿಟ್ಟ ಗಂಟನ್ನು ತಾವು ಗುಣಪಡಿಸಿದ್ದೇ ಇಲ್ಲ.

ನಮ್ಮ ನಾಡಿನಲ್ಲೂ ಸ್ತ್ರೀಚಿಕಿತ್ಸೆಗೆ ಮೊದಲು ಎದುರಾದ ಅಡ್ಡಿ ಪರ್ದಾ ಮತ್ತು ಸಂಕೋಚ. ಗಂಡು ವೈದ್ಯರ ಬಳಿ ಹೋಗದ ಮಹಿಳೆಯರಿಗಾಗಿ 1885ರಲ್ಲಿ ಲೇಡಿ ಡಫರಿನ್ ನಿಧಿ ಹುಟ್ಟಿತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ಹೆಂಗಸರು, ಮಕ್ಕಳಿಗಾಗಿ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂತು. ಆದರೆ ಅಂದಿನ ಮುಖ್ಯ ಚಿಂತೆ ಹೆರಿಗೆಯ ಸಾವು. ಕ್ಯಾನ್ಸರಿಗೆಂದೇ ಬೆಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಸಂಸ್ಥೆ ಆರಂಭವಾಗಲು 1973 ಬರಬೇಕಾಯಿತು.

ಹೊರ ಜನನಾಂಗದ ಕ್ಯಾನ್ಸರೇ ವಿರಳ. ಅದರಲ್ಲೂ ಸ್ನಾಯು, ಕೊಬ್ಬು, ನಾರಿನಂಥ ಮೃದು ಅಂಗಾಂಶಗಳಲ್ಲಿ ಹುಟ್ಟುವ ಸಾರ್ಕೋಮ ಇನ್ನೂ ವಿರಳ. ಇದು ಮೊದಮೊದಲು ನೋಯದ ಗಂಟಾಗಿರಬಹುದು. ಬಾರ್ಥೊಲಿನ್ ಗ್ರಂಥಿಯ ನೀರುಗುಳ್ಳೆಯೆಂದೋ ಕೊಬ್ಬಿನ ಗಡ್ಡೆಯೆಂದೋ ವೈದ್ಯರೂ ಮೋಸಹೋಗುವುದುಂಟು. ಹಾಗೆಂದುಕೊಂಡು ಅರೆಬರೆ ಕತ್ತರಿಸಿದರೆ ರೋಗ ಮರಳುತ್ತದೆ.

ಒಂದು ಕಾಲಕ್ಕೆ ಪುಟ್ಟ ಬಾಲೆಯರಲ್ಲಿ ಈ ರೋಗ ಕಂಡರೆ ಅಂಗಾಂಗಗಳನ್ನೇ ತೆಗೆದುಹಾಕುತ್ತಿದ್ದರು. 1972ರಲ್ಲಿ ಅಮೆರಿಕದ ಹಲವು ಆಸ್ಪತ್ರೆಗಳು ಒಟ್ಟಾಗಿ ಆರಂಭಿಸಿದ ಅಧ್ಯಯನಗಳು ದಾರಿ ಬದಲಿಸಿದವು: ಔಷಧಿ ಮೊದಲು, ಕತ್ತರಿ ಆಮೇಲೆ, ಅದೂ ಆದಷ್ಟು ಕಡಿಮೆ. 1983ರಲ್ಲಿ ಸ್ಟೀಪರ್ ಮತ್ತು ರೊಸಾಯಿ ಎಂಬ ವೈದ್ಯರು ಮತ್ತೊಂದು ಬಗೆಯ ಗಡ್ಡೆಯನ್ನು ಗುರುತಿಸಿದರು. ಆಂಜಿಯೋಮಿಕ್ಸೋಮ ಎಂಬ ಅದು ದೂರ ಹರಡುವುದು ತೀರಾ ಅಪರೂಪ, ಆದರೆ ವರ್ಷಗಳ ನಂತರವೂ ಅದೇ ಜಾಗದಲ್ಲಿ ಮರುಕಳಿಸಬಲ್ಲದು. ಹಾಗಾಗಿ ಗಡ್ಡೆ ಯಾವುದೆಂದು ತಿಳಿಯುವುದೇ ಅರ್ಧ ಚಿಕಿತ್ಸೆ.

ಅದಕ್ಕೆ ಕ್ರಮವಿದೆ. ಎಂ.ಆರ್.ಐ. ಮಾಡಿಸಿ ಗಂಟಿನ ಆಳ ನೋಡಬೇಕು. ಬಯಾಪ್ಸಿಯ ಚೂರನ್ನು ಅನುಭವಿ ಪೆಥಾಲಜಿಸ್ಟ್ ಪರೀಕ್ಷಿಸಬೇಕು. ಸಾರ್ಕೋಮ ಎಂದಾದರೆ ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಸ್ಕ್ಯಾನ್ ಮಾಡಬೇಕು. ನಂತರ ಸುತ್ತ ಆರೋಗ್ಯವಂತ ಅಂಚು ಬರುವಂತೆ ಒಂದೇ ಸಲಕ್ಕೆ ತೆಗೆಯಬೇಕು. ಅಂಚಿನಲ್ಲಿ ರೋಗ ಉಳಿದಿದ್ದರೆ ಮತ್ತೆ ಶಸ್ತ್ರಚಿಕಿತ್ಸೆ ಅಥವಾ ವಿಕಿರಣ. ಆಮೇಲೆ ವರ್ಷಗಟ್ಟಲೆ ತಪಾಸಣೆ. ಯಂತ್ರಗಳು ಹೊಸವು, ಬೇಗ, ಪೂರ್ತಿಯಾಗಿ ಎಂಬ ತತ್ವ ಅಲ್ ಝಹ್ರಾವಿಯದೇ.

ಓದುಗರೇ, ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ, ಹೆದರಬೇಕಿಲ್ಲ. ಆದರೆ ನಲವತ್ತು ದಾಟಿದವರಲ್ಲಿ ಹೊಸದಾಗಿ ಕಂಡ, ಬೆಳೆಯುತ್ತಿರುವ ಅಥವಾ ತೆಗೆದ ಮೇಲೂ ಮರಳಿದ ಗಂಟು ಪ್ರಯೋಗಾಲಯಕ್ಕೆ ಹೋಗಲೇಬೇಕು. ಮಂಡಿ ಮೊಹಲ್ಲಾದ ಅಜ್ಜಿಯರ ಕಾಲದಲ್ಲಿ ವೈದ್ಯೆಯರು ವಿರಳ. ಇಂದು ಆ ನೆಪವಿಲ್ಲ. ಮಗಳು ತಾಯಿಯನ್ನು, ಸೊಸೆ ಅತ್ತೆಯನ್ನು ‘ಎಲ್ಲಾದರೂ ಗಂಟಿದೆಯಾ?’ ಎಂದು ಕೇಳುವಷ್ಟು ಸಲುಗೆ ನಮ್ಮ ಮನೆಗಳಲ್ಲಿ ಬೆಳೆಯಲಿ.