ಅರಳು ಮರಳೋ, ಕಿವಿ ಮಂದವೋ?

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮ ತಾಳವಾಡಿ ಸೀಮೆಯಲ್ಲೂ ಎಲ್ಲರ ಬಾಯಲ್ಲಿದೆ. ನಾವೂ ಆಡಿದವರೇ. ಈ ಗಾದೆಯನ್ನು ನಾವು ಅನುಮಾನಿಸುವಂತೆ ಮಾಡಿದ್ದು ನಮ್ಮ ಮಕ್ಕಳ ಒಂದು ಚಟುವಟಿಕೆ.

ಸಮಾಜ ಪಾಠದಲ್ಲಿ 1956ರ ರಾಜ್ಯ ಪುನರ್ವಿಂಗಡಣೆ ಬಂದಿತ್ತು. ಆ ವರ್ಷದ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ನಮ್ಮ ತಾಳವಾಡಿ ಮದರಾಸು ರಾಜ್ಯದಲ್ಲೇ ಉಳಿಯಿತು. 1929ರಲ್ಲಿ ವರನಟ ಡಾ. ರಾಜ್‌ಕುಮಾರ್ ಹುಟ್ಟಿದ ದೊಡ್ಡಗಾಜನೂರೂ ಹೀಗೆ ಗಡಿಯಾಚೆಯ ಕನ್ನಡದ ಊರಾಯಿತು. ಆ ದಿನಗಳನ್ನು ಕಂಡ ಹಿರಿಯರನ್ನು ಮಾತನಾಡಿಸಿ ಬನ್ನಿ ಎಂದು ಮಕ್ಕಳನ್ನು ಕಳಿಸಿದೆವು.

ಒಬ್ಬ ಹುಡುಗ ನಗುತ್ತಾ ಬಂದ. “ಸಾರ್, ನಿಮ್ಮ ಕಾಲದಲ್ಲಿ ಶಾಲೆ ಹೇಗಿತ್ತು ತಾತ ಅಂದ್ರೆ, ಸಾಲ ಎಲ್ಲ ತೀರ್ಸಾಯ್ತಲ್ಲ ಮಗಾ ಅಂತಾರೆ. ತಾತನಿಗೆ ಅರಳು ಮರಳು.” ತರಗತಿಯೆಲ್ಲ ನಕ್ಕಿತು.

ಆದರೆ ತಾತ ತಪ್ಪಿದ್ದು ಎಲ್ಲಿ? ‘ಶಾಲೆ’ ಅವರ ಕಿವಿಗೆ ‘ಸಾಲ’ವಾಗಿ ಬಿದ್ದಿತ್ತು. ಕೇಳಿಸಿದ ಮಾತಿಗೆ ಅವರು ಕೊಟ್ಟ ಉತ್ತರ ಸರಿಯಾಗೇ ಇತ್ತು! ವಯಸ್ಸಾದಂತೆ ಮೊದಲು ಮಂದವಾಗುವುದು ಎತ್ತರದ ಸ್ಥಾಯಿಯ ಸದ್ದು. ಸ್ವರಗಳು ಕೇಳುತ್ತವೆ, ಸ, ಶ, ಕ, ಹಗಳಂಥ ವ್ಯಂಜನಗಳು ಜಾರುತ್ತವೆ. ಸಾಲು, ಹಾಲು, ಕಾಲು ಒಂದೇ ಆಗುತ್ತವೆ. ಅದಕ್ಕೇ ಹಿರಿಯರು “ಕೇಳಿಸುತ್ತೆ, ತಿಳಿಯೋಲ್ಲ” ಎನ್ನುವುದು.

ಈ ತಿಳಿವಳಿಕೆಗೂ ಒಂದು ಇತಿಹಾಸವಿದೆ. ಮುಪ್ಪಿನಲ್ಲಿ ಎತ್ತರದ ಸ್ಥಾಯಿ ಕೇಳದಾಗುವುದನ್ನು 1890ರ ದಶಕದಲ್ಲಿ ಹಾಲೆಂಡಿನ ಜ್ವಾರ್ಡೆಮೇಕರ್ ಗುರುತಿಸಿದರು. ಒಳಕಿವಿಯ ಶಂಖದಲ್ಲಿ ಸದ್ದು ಅಲೆಯಾಗಿ ಸಾಗುವ ಬಗೆಯನ್ನು ಕಂಡುಕೊಂಡ ಬೆಕೆಸಿ ಅವರಿಗೆ 1961ರಲ್ಲಿ ನೊಬೆಲ್ ಬಂತು. 1965ರಲ್ಲಿ ನಮ್ಮ ಹತ್ತಿರದ ಮೈಸೂರಿನಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಆದರೂ ಕಿವಿಗೂ ಮರೆವಿಗೂ ಇರುವ ನಂಟಿನ ಕಡೆ ಲೋಕದ ಗಮನ ಹರಿದದ್ದು ಬಹಳ ತಡವಾಗಿ.

2011ರಲ್ಲಿ ಅಮೆರಿಕದ ಫ್ರಾಂಕ್ ಲಿನ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆ ಇಲ್ಲದ 639 ಜನರನ್ನು ಸುಮಾರು 12 ವರ್ಷ ಗಮನಿಸಿದ ಫಲವನ್ನು ಪ್ರಕಟಿಸಿದರು. ಕಿವಿ ಸ್ವಲ್ಪ ಮಂದವಿದ್ದವರಲ್ಲಿ ಆ ಕಾಯಿಲೆಯ ಅಪಾಯ ಸುಮಾರು ಎರಡು ಪಟ್ಟು, ಮಧ್ಯಮವಿದ್ದವರಲ್ಲಿ ಮೂರು ಪಟ್ಟು, ತೀವ್ರವಿದ್ದವರಲ್ಲಿ ಐದು ಪಟ್ಟು ಕಂಡಿತು.

ಕಾರಣ? ಅರ್ಧಂಬರ್ಧ ಕೇಳಿದ ಮಾತನ್ನು ಜೋಡಿಸಲು ಮೆದುಳು ಹೆಚ್ಚು ದುಡಿಯುತ್ತದೆ, ನೆನಪಿಟ್ಟುಕೊಳ್ಳಲು ಶಕ್ತಿ ಸಾಲದು. ಸದ್ದು ಸಿಗದ ಭಾಗಗಳು ಸೊರಗುತ್ತವೆ. ಮುಜುಗರಕ್ಕೆ ಅಂಜಿ ಹಿರಿಯರು ಜಗಲಿಯ ಮಾತು ಬಿಟ್ಟು ಒಂಟಿಯಾಗುತ್ತಾರೆ. ಕಿವಿಯನ್ನೂ ಮೆದುಳನ್ನೂ ಒಟ್ಟಿಗೆ ಸವೆಸುವ ರಕ್ತನಾಳದ ತೊಂದರೆಯೂ ಇರಬಹುದು. ಹಾಗೆಂದು ಕಿವಿ ಮಂದವಾದವರಿಗೆಲ್ಲ ಮರೆವು ಬರುವುದಿಲ್ಲ.

ಯಂತ್ರ ಹಾಕಿಕೊಂಡರೆ ತಪ್ಪೀತೇ? 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 70ರಿಂದ 84 ವಯಸ್ಸಿನ 977 ಮಂದಿ ಇದ್ದರು. ಮೂರು ವರ್ಷದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇ. 48ರಷ್ಟು ಕಡಿಮೆಯಾಯಿತು. 2024ರ ಲ್ಯಾನ್ಸೆಟ್ ಆಯೋಗ, ಮರೆವಿನ ಕಾಯಿಲೆಗೆ ನಾವು ತಡೆಯಬಹುದಾದ 14 ಕಾರಣಗಳಲ್ಲಿ ಕಿವಿಯ ಮಾಂದ್ಯವನ್ನೂ ಎಣಿಸಿದೆ.

ಗಡಿಯವರಿಗೆ ಇನ್ನೊಂದು ತೊಡಕುಂಟು. ದಿಂಬಂ ಘಾಟಿಯ 27 ತಿರುವು ಇಳಿದು ಹೋದ ಕನ್ನಡದ ಅಜ್ಜಿಯನ್ನು ಯಾರಾದರೂ ತಮಿಳಿನಲ್ಲಿ, ಅದೂ ಮೆಲ್ಲಗೆ, ಪ್ರಶ್ನೆ ಕೇಳಿದರೆ ಅವರು ಸುಮ್ಮನೆ ಕೂರುತ್ತಾರೆ. ಆ ಮೌನವನ್ನು ಮರೆವು ಎಂದು ಬರೆದುಕೊಳ್ಳುವುದು ಎಷ್ಟು ಸುಲಭ! ಜೊತೆಗೆ ಹೋಗುವ ಮಗನೋ ಮೊಮ್ಮಗಳೋ ಮೊದಲು ಕಿವಿ ಪರೀಕ್ಷೆ ಮಾಡಿಸಿ ಎಂದು ಕೇಳಬೇಕು. ಕೆಲವೊಮ್ಮೆ ಗುಗ್ಗೆ ತೆಗೆಸಿದರೂ ಸಾಕಾಗುತ್ತದೆ.

ಮಾರನೆಯ ವಾರ ನಾವೇ ಆ ಹುಡುಗನೊಡನೆ ತಾತನ ಬಳಿ ಹೋದೆವು. ಟಿ.ವಿ. ಆರಿಸಿ, ಎದುರಿಗೆ ಕೂತು, ಕೂಗದೆ, ನಿಧಾನವಾಗಿ ಕೇಳಿದೆವು. ತಾತ ಸ್ವಲ್ಪ ಹೊತ್ತು ನಮ್ಮ ಮುಖ ನೋಡಿದರು. “ಕೊಳ್ಳೇಗಾಲ ಅತ್ಲಾಗೆ ಹೋಯ್ತು ಮೇಷ್ಟ್ರೆ, ನಾವು ಇಲ್ಲೇ ಉಳ್ಕಂಡೊ” ಎಂದು ಶುರು ಮಾಡಿದವರು ಕತ್ತಲಾಗುವವರೆಗೂ ನಿಲ್ಲಿಸಲಿಲ್ಲ. ಹುಡುಗನ ಪುಸ್ತಕದಲ್ಲಿ ಹಾಳೆ ಸಾಲಲಿಲ್ಲ.